ಒಬ್ಬನೇ ಸಾಕ್ಷಿ ಉಳಿದಾಗ

ನಾನು ಪದವಿ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತೇನೆ. ಆಕರಗಳನ್ನು ಪರೀಕ್ಷಿಸುವುದು ಹೇಗೆ ಎಂದು ಕಲಿಸಲು ನಾನು ಆರಿಸಿಕೊಳ್ಳುವುದು ‘ವೈಟ್ ಶಿಪ್’ ದುರಂತವನ್ನು. 1120ರ ನವೆಂಬರ್ 25ರ ರಾತ್ರಿ ನಾರ್ಮಂಡಿಯ ಬಾರ್ಫ್ಲರ್ ಬಂದರಿನಿಂದ ಇಂಗ್ಲೆಂಡಿಗೆ ಹೊರಟ ಹಡಗು ಬಂಡೆಗೆ ಬಡಿದು ಮುಳುಗಿತು. ಇಂಗ್ಲೆಂಡಿನ ರಾಜ ಒಂದನೇ ಹೆನ್ರಿಯ ಮಗ, ಪಟ್ಟಕ್ಕೆ ಬರಬೇಕಿದ್ದ ವಿಲಿಯಂ, ಅದರಲ್ಲೇ ಸತ್ತ. ಬದುಕಿ ಬಂದವನು ರೂಆನ್ ಊರಿನ ಕಟುಕ ಬೆರೋಲ್ಡ್ ಒಬ್ಬನೇ.

ಇದನ್ನು ವಿವರವಾಗಿ ಬರೆದವನು ಆರ್ಡೆರಿಕ್ ವಿಟಾಲಿಸ್ ಎಂಬ ಸನ್ಯಾಸಿ. ಅವನು ಹಡಗಿನಲ್ಲಿರಲಿಲ್ಲ. “ಹಾಗಾದ್ರೆ ಇವನನ್ನ ನಂಬಬಹುದಾ ಸರ್?” ಅಂತ ಮಕ್ಕಳು ಕೇಳುತ್ತಾರೆ. ಇಡೀ ಮನುಷ್ಯನನ್ನು ಹಾಗೆ ನಂಬುವುದೂ ಬೇಡ, ಬಿಡುವುದೂ ಬೇಡ. ಒಂದೊಂದೇ ವಾಕ್ಯ ಹಿಡಿದು ‘ಇದು ಯಾರಿಗೆ ಗೊತ್ತಿರಲು ಸಾಧ್ಯ?’ ಎಂದು ಕೇಳಿ ಎನ್ನುತ್ತೇನೆ.

ಬೆರೋಲ್ಡ್ ಎಲ್ಲರಿಗಿಂತ ಬಡವ, ಟಗರಿನ ಚರ್ಮದ ಉಡುಪು ತೊಟ್ಟಿದ್ದ ಎನ್ನುತ್ತಾನೆ ಆರ್ಡೆರಿಕ್. ಅವನ ಜೊತೆ ಮುಳುಗಿದ ಹಡಗಿನ ಒಂದೇ ಮರದ ತುಂಡಿಗೆ ಜೋತುಬಿದ್ದಿದ್ದ ಲೆಗ್ಲ್ ಮನೆತನದ ಜೆಫ್ರಿ ಚಳಿಗೆ ಮರಗಟ್ಟಿ ಮುಳುಗಿದ. ಇದನ್ನು ನಾನು ನಂಬುತ್ತೇನೆ. ಕಟುಕನ ಉಡುಪಿನ ಬಗ್ಗೆ ಸುಮ್ನೆ ಕಟ್ಟಿ ಹೇಳಿ ಯಾರಿಗೇನು ಲಾಭ? ಲೆಗ್ಲ್ ಊರು ಆರ್ಡೆರಿಕ್‌ನ ಮಠಕ್ಕೆ ಹತ್ತಿರ. ಮಗ ಹೇಗೆ ಸತ್ತ ಎಂದು ಆ ಮನೆಯವರು ವಿಚಾರಿಸಿಯೇ ಇರುತ್ತಾರೆ, ಅಲ್ವಾ? ಇಂಗ್ಲೆಂಡಿನ ಮಾಮ್ಸ್‌ಬರಿ ಮಠದ ವಿಲಿಯಂ ಕೂಡ, ಒಬ್ಬ ಹಳ್ಳಿಗ ಮಾತ್ರ ರಾತ್ರಿಯಿಡೀ ಪಟದ ಕಂಬ ಹಿಡಿದು ತೇಲಿ ಉಳಿದ ಎಂದು ಬರೆದಿದ್ದಾನೆ.

ಆದರೆ ಅದೇ ಆರ್ಡೆರಿಕ್, ಆ ರಾತ್ರಿ ಸುಮಾರು 9 ಗಂಟೆ ಕಾಲ ಬೆಳದಿಂಗಳಿತ್ತು ಎನ್ನುತ್ತಾನೆ. ಈ ಲೆಕ್ಕವನ್ನು ತರಗತಿಯಲ್ಲೇ ಮಾಡಿಸುತ್ತೇನೆ. ಆ ತಿಂಗಳ ಅಮಾವಾಸ್ಯೆ ಬರುವುದು 22ರ ಸುಮಾರಿಗೆ. 25ಕ್ಕೆ ಇನ್ನೂ ತದಿಗೆಯ ಆಸುಪಾಸಿನ ಎಳೆ ಚಂದ್ರ, ಸಂಜೆಗೇ ಮುಳುಗುವಂಥದ್ದು. ಬೆಳದಿಂಗಳು ಎಲ್ಲಿಂದ ಬರಬೇಕು?

ಹಾಗಾಗಿ ಕಣ್ಣಿಗೆ ಕಂಡಿದ್ದೆನ್ನುವ ಸಂಗತಿಗಳನ್ನು ಜಾಸ್ತಿ ಅನುಮಾನದಿಂದ ಓದಬೇಕು. ಕಿವಿಗೆ ಬಿದ್ದಿದ್ದು ಬೇರೆ. ಹಡಗಿನ ನಾಯಕ ಥಾಮಸ್ ನೀರಿನಿಂದ ತಲೆಯೆತ್ತಿ, ರಾಜನ ಮಗ ಏನಾದ ಎಂದು ಕೇಳಿದನಂತೆ. ಸತ್ತನೆಂದು ತಿಳಿದು ತಾನೂ ಮುಳುಗಿದನಂತೆ. ಪ್ರಶ್ನೆ ಕತ್ತಲಲ್ಲೂ ಕೇಳಿಸುತ್ತದೆ. ಆದರೆ ರಾಜಕುಮಾರ ಸತ್ತದ್ದು ಮರಕ್ಕೆ ಜೋತುಬಿದ್ದವರಿಗೆ ಅಷ್ಟರಲ್ಲೇ ಹೇಗೆ ಗೊತ್ತಾಯಿತು?

ಮಾಮ್ಸ್‌ಬರಿಯ ವಿಲಿಯಂ ಇನ್ನೊಂದು ಕಥೆ ಹೇಳುತ್ತಾನೆ. ರಾಜಕುಮಾರ ಸಣ್ಣ ದೋಣಿಯಲ್ಲಿ ಪಾರಾಗುತ್ತಿದ್ದ, ಮಲಸಹೋದರಿಯ ಕೂಗು ಕೇಳಿ ದೋಣಿ ತಿರುಗಿಸಿದ, ಜನ ಮುಗಿಬಿದ್ದು ದೋಣಿಯೂ ಮುಳುಗಿತು ಅಂತ. ಆರ್ಡೆರಿಕ್‌ನಲ್ಲಿ ಇದಿಲ್ಲ. ಅವಳ ಕೂಗು ಬೆರೋಲ್ಡ್‌ಗೆ ಕೇಳಿಸಿರಬಹುದು. ದೋಣಿ ತಿರುಗಿಸಲು ಹೇಳಿದವರು ಯಾರು ಎಂಬುದು ದೋಣಿಯಲ್ಲಿದ್ದವರಿಗೇ ಗೊತ್ತಿರಬೇಕು, ಅವರಲ್ಲಿ ಯಾರೂ ಉಳಿಯಲಿಲ್ಲ. ಮನಸ್ಸಿಗೆ ಎಷ್ಟೇ ತಟ್ಟಿದರೂ, ಇದನ್ನು ನಡೆದ ಸಂಗತಿ ಎಂದು ನಾನು ಪಾಠ ಮಾಡುವುದಿಲ್ಲ.