ಅಟ್ಟದ ಬಾವಲಿಗಳು

ಬದಿಯಡ್ಕದ ನಮ್ಮ ಹಂಚಿನ ಮನೆಯ ಅಟ್ಟದಲ್ಲಿ ಪುಟ್ಟ ಬಾವಲಿಗಳು ಸೇರಿಕೊಂಡಿವೆ. ಹೊಗೆ ಹಾಕಿ ಓಡಿಸಿ, ನಿಪಾ ಬಂದೀತು ಅಂತ ನೆರೆಮನೆಯವರ ಒತ್ತಾಯ. ಆ ಭಯ ನನಗೆ ಅರ್ಥವಾಗುತ್ತದೆ. 2018ರಲ್ಲಿ ಕೋಝಿಕ್ಕೋಡ್, ಮಲಪ್ಪುರಂ ಕಡೆ ಎಷ್ಟು ಜೀವ ಹೋಯಿತು! ಆದರೆ ಆ ವೈರಸ್ ಮುಖ್ಯವಾಗಿ ಕಂಡುಬಂದದ್ದು ಮರದಲ್ಲಿ ನೇತಾಡುವ, ಹಣ್ಣು ತಿನ್ನುವ ದೊಡ್ಡ ಬಾವಲಿಗಳಲ್ಲಿ. ನಮ್ಮ ಅಟ್ಟದವು ಹುಳ ಹಿಡಿದು ತಿನ್ನುವ ಸಣ್ಣವು. ಹಾಗಂತ ಬರಿಗೈಯಲ್ಲಿ ಮುಟ್ಟಲೇಬಾರದು. ಹಿಕ್ಕೆಗೆ ನೀರು ಚಿಮುಕಿಸಿ, ಮಾಸ್ಕ್ ಹಾಕಿಯೇ ಗುಡಿಸಬೇಕು. ಒಣ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು.

ಕಳಿಸುವುದಕ್ಕೂ ದಾರಿ ಇದೆ. ಮುಸ್ಸಂಜೆ ಅಂಗಳದಲ್ಲಿ ನಿಂತು ಅವು ಹೊರಡುವ ಸಂದಿ ಗುರುತಿಸಬೇಕು. ಅಲ್ಲಿ ಬಲೆಯನ್ನು ಮೇಲೆ, ಬದಿಗೆ ಕಟ್ಟಿ ಕೆಳಗೆ ಸಡಿಲ ಬಿಟ್ಟರೆ ಜಾರಿ ಹೊರಗೆ ಹೋಗುತ್ತವೆ, ವಾಪಸ್ ಬರಲು ಆಗುವುದಿಲ್ಲ. ಎಲ್ಲವೂ ಹೋದ ಮೇಲೆ ಸಂದಿ ಮುಚ್ಚಿದರಾಯಿತು.

ಆದರೆ ಈಗ ಮರಿಗಳಿವೆ. ಬಾವಲಿಯೂ ಹಾಲೂಡಿಸುವ ತಾಯಿಯೇ ಅಲ್ವಾ? ತಾಯಿ ಹೊರಗೆ, ಹಾರಲು ಬಾರದ ಮರಿ ಒಳಗೆ ಆದರೆ ಹಸಿದೇ ಸಾಯುತ್ತದೆ. ಅದು ನನ್ನಿಂದ ಆಗದು. ಮರಿಗಳು ಹಾರಲು ಕಲಿಯಲಿ, ಬಲೆ ಆಮೇಲೆ. ಅಲ್ಲಿವರೆಗೆ ಅಟ್ಟದ ತೆಂಗಿನಕಾಯಿ ಚಾವಡಿಯಲ್ಲಿರಲಿ ಅಂತ ಅಮ್ಮನಿಗೆ ಹೇಳಿದ್ದೇನೆ.