ಸೂರಾಗಳನ್ನು ಕನ್ನಡದಲ್ಲಿ ಬರೆದುಕೊಂಡು ಓದಿದರೆ ಸಾಲದೇ?

ಬೆಂಗಳೂರಿನಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿ ಬೆಳೆದ ಗೆಳೆಯರು, ಅದರಲ್ಲೂ ನಲವತ್ತು ದಾಟಿದವರು, ನನ್ನನ್ನು ಕೇಳುತ್ತಲೇ ಇರುತ್ತಾರೆ: "ಅರಬ್ಬಿ ಅಕ್ಷರ, ಕುರಾನನ್ನು ಸರಿಯಾಗಿ ಉಚ್ಚರಿಸುವ ತಜ್ವೀದ್ ಎಲ್ಲ ಈ ವಯಸ್ಸಿನಲ್ಲಿ ಆಗುತ್ತಾ? ನಮಾಜಿನಲ್ಲಿ ಓದುವ ಸೂರಾಗಳನ್ನು, ಅಂದರೆ ಕುರಾನಿನ ಅಧ್ಯಾಯಗಳನ್ನು, ಕನ್ನಡದಲ್ಲೇ ಬರೆದುಕೊಂಡು ಓದಿದರೆ ಸಾಲದಾ?"

ಸಾಲದು. ಅರ್ಥ ತಿಳಿಯಲು ಕನ್ನಡ ಅನುವಾದ ಬೇಕೇ ಬೇಕು, ಆದರೆ ಓದಿಗೆ ನಮ್ಮ ಲಿಪಿಯಲ್ಲಿ ಜಾಗ ಕಡಿಮೆ. ‘ಕುಲ್ ಹುವಲ್ಲಾಹು ಅಹದ್’ ಎಂಬುದರ ಮೊದಲ ಅಕ್ಷರವನ್ನೇ ನೋಡಿ. ನಾಲಿಗೆಯ ಬುಡ ಕಿರುನಾಲಿಗೆಯ ಹತ್ತಿರ ತಾಗಿದಾಗ ಹುಟ್ಟುವ ಆಳದ ದನಿ ಅದು. ಹಾಗೆ ಓದಿದರೆ ‘ಹೇಳು’ ಎಂದರ್ಥ. ನಮ್ಮ ‘ಕ’ ಹಾಕಿದರೆ ‘ತಿನ್ನು’ ಎಂದಾಗುತ್ತದೆ. ದಖ್ನಿ ಮನೆಮಾತಿನವರ ಬಾಯಲ್ಲಿ ಅದೇ ‘ಖುಲ್’ ಆಗಿಬಿಡುತ್ತದೆ. ಅಕ್ಷರ ಹುಟ್ಟುವ ಇಂಥ ಜಾಗಕ್ಕೆ ಮಖ್ರಜ್ ಎನ್ನುತ್ತಾರೆ. 1429ರಲ್ಲಿ ತೀರಿಕೊಂಡ ತಜ್ವೀದ್ ವಿದ್ವಾಂಸ ಇಬ್ನುಲ್ ಜಝರಿ ಅವುಗಳನ್ನು 17 ಎಂದು ಎಣಿಸಿದ್ದಾರೆ.

ಹಾಗೆಂದು ಕನ್ನಡ ಬಲ್ಲವರು ಬರಿಗೈಯಲ್ಲಿ ಬರುವುದಿಲ್ಲ. ಹ್ರಸ್ವ ದೀರ್ಘದ ಲೆಕ್ಕ ನಮ್ಮ ಕಿವಿಗೆ ಗೊತ್ತು, ಸ್ವರವನ್ನು ಎಳೆದು ಓದುವ ‘ಮದ್ದ್’ ಎಂಬ ಪಾಠಕ್ಕೆ ಅದೇ ತಳಪಾಯ. ನಮ್ಮ ಸೊನ್ನೆಯಂತೂ ದೊಡ್ಡ ಆಸ್ತಿ: ‘ಸಂಬಳ’ದಲ್ಲಿ ಅದು ಮಕಾರ, ‘ಅಂಜಿಕೆ’ಯಲ್ಲಿ ಞಕಾರ, ‘ಅಂಗಡಿ’ಯಲ್ಲಿ ಙಕಾರ. ಅರಬ್ಬಿಯಲ್ಲೂ ಸ್ವರವಿಲ್ಲದ ನೂನ್, ಅಂದರೆ ನಕಾರ, ಮುಂದಿನ ಅಕ್ಷರ ನೋಡಿ ಬದಲಾಗುತ್ತದೆ. ಮುಂದೆ ‘ಬ’ ಬಂದರೆ ಮಕಾರವೇ ಆಗುತ್ತದೆ. ಅದು ಇಕ್ಲಾಬ್.

ಆದರೆ ಇದೇ ಅಭ್ಯಾಸ ಒಂದು ಕಡೆ ಕಾಲಿಗೆ ತೊಡರುತ್ತದೆ. ಸೂರಾ ಕುರೈಶ್‌ನ ಕೊನೆಯ ಆಯತ್ (ವಾಕ್ಯ) ಹಸಿವಿನಲ್ಲಿ ಉಣಿಸಿ ಭಯದಿಂದ ಕಾಪಾಡಿದವನ ಮಾತು ಹೇಳುತ್ತದೆ. ಅದರಲ್ಲಿ ‘ಮಿನ್ ಜೂಇನ್’, ‘ಮಿನ್ ಖೌಫ್’ ಎರಡೂ ಇವೆ. ಮೊದಲನೆಯದು ಇಖ್ಫಾ: ನೂನನ್ನು ಅರ್ಧ ಅಡಗಿಸಿ ದನಿಯನ್ನು ಎರಡು ಹರಕತ್, ಅಂದರೆ ಎರಡು ಹ್ರಸ್ವ ಸ್ವರದಷ್ಟು ಹೊತ್ತು ಮೂಗಿನಲ್ಲಿ ಹಿಡಿಯಬೇಕು. ಎರಡನೆಯದು ಇಝ್ಹಾರ್: ‘ಖ’ ಗಂಟಲಿನ ಆರು ಅಕ್ಷರಗಳಲ್ಲಿ ಒಂದಾದ್ದರಿಂದ ನೂನ್ ಸ್ಪಷ್ಟವಾಗಿ ಕೇಳಬೇಕು. ನಮ್ಮ ನಾಲಿಗೆ ಅಲ್ಲೂ ‘ಮಿಙ್ಖೌಫ್’ ಎಂದು ಜಾರುತ್ತದೆ. ಒಂದೇ ಆಯತ್ತಿನಲ್ಲಿ ಎರಡೂ ಸಿಗುವುದರಿಂದ ಕನ್ನಡಿಗರು ಮೊದಲು ಇದನ್ನೇ ಹಿಡಿಯಬೇಕು ಎನ್ನುತ್ತೇನೆ.

ಇನ್ನೊಂದು, ಪದದ ಕೊನೆಗೆ ‘ಉ’ ಸೇರಿಸುವ ನಮ್ಮ ರೂಢಿ. ‘ಬಸ್’ ‘ಬಸ್ಸು’ ಆದಂತೆ ‘ಅಹದ್’ ‘ಅಹದು’ ಆಗಬಾರದು. ಅಲ್ಲಿ ಕೊನೆಯ ದಾಲ್ (ದಕಾರ) ತುಸು ಪುಟಿಯಬೇಕು ನಿಜ, ಅದಕ್ಕೆ ಕಲ್ಕಲಾ ಎನ್ನುತ್ತಾರೆ. ಆ ಪುಟಿತ ಸ್ವರವಾಗುವ ಮೊದಲೇ ನಿಲ್ಲಬೇಕು.

ಇದೆಲ್ಲ ಓದಿ ಬರುವ ವಿದ್ಯೆಯಲ್ಲ. ಅಕ್ಷರ ಕಲಿಸುವ ಪುಸ್ತಕ ನೂರಾನಿ ಖಾಯಿದಾ ತಂದಿಟ್ಟುಕೊಳ್ಳಿ, ಈಜಿಪ್ಟಿನ ಕುರಾನ್ ಪಾರಾಯಣಕಾರ ಮಹಮೂದ್ ಖಲೀಲ್ ಅಲ್ ಹುಸರೀ ನಿಧಾನವಾಗಿ ಓದಿರುವುದನ್ನು ಮೊಬೈಲಿನಲ್ಲಿ ಕೇಳಿ, ಆದರೆ ನಿಮ್ಮ ಬಾಯಿ ನೋಡಿ ತಿದ್ದುವ ಹಜ್ರತ್, ಅಂದರೆ ಗುರು, ಒಬ್ಬರು ಬೇಕು. ಹೆಂಗಸರಿಗೆ ಮನೆಯಲ್ಲೇ ಕಲಿಸುವ ಆಪಾಗಳೂ (ಶಿಕ್ಷಕಿಯರೂ) ಇದ್ದಾರೆ. ಕುರಾನ್ ಕಲಿಸುವ ಮಕ್ತಬ್ ಶಾಲೆಯ ಮಕ್ಕಳ ನಡುವೆ ಕೂರಲು ನಾಚಿಕೆ ಎನ್ನುವವರಿಗೆ ಬುಖಾರಿ, ಮುಸ್ಲಿಮ್ ಎಂಬ ಎರಡೂ ಸಂಗ್ರಹಗಳಲ್ಲಿ ಇರುವ ಹದೀಸ್ (ಪ್ರವಾದಿಯವರ ಮಾತು) ನೆನಪಿಸುತ್ತೇನೆ: ತಡವರಿಸುತ್ತ ಕಷ್ಟಪಟ್ಟು ಓದುವವರಿಗೆ ಎರಡು ಪ್ರತಿಫಲ. ಮೊದಲ ದಿನವೇ ಹಜ್ರತ್‌ಗೆ ಹೇಳಿಬಿಡಿ, ತಪ್ಪಿದಲ್ಲೇ ನನ್ನನ್ನು ನಿಲ್ಲಿಸಿ, ದೊಡ್ಡವರೆಂದು ಬಿಡಬೇಡಿ ಅಂತ. ಕುರಾನಿನ ಮೊದಲ ಸೂರಾ ಫಾತಿಹಾದಿಂದ ಶುರುಮಾಡಿ. ದಿನಕ್ಕೆ ಐದು ಹೊತ್ತಿನ ನಮಾಜಿನಲ್ಲಿ ಪ್ರತಿ ರಕಾತಿಗೂ (ನಮಾಜಿನ ಒಂದೊಂದು ಸುತ್ತಿಗೂ) ಓದುವುದು ಅದನ್ನೇ ಅಲ್ಲವೇ.