ನಾನು ಹೇಳಿದ ಒಂದು 'ಯೆಸ್'ಗೆ ಹಡಗು ತಪ್ಪಿತು

ಹೋದ ಫೆಬ್ರವರಿಯ ಮಾತು. ಇವತ್ತಿಗೂ ಯಾರಾದರೂ ಮಂಗಳೂರು ಕಟ್‌ಆಫ್, ಅಂದರೆ ಬಂದರಿನಲ್ಲಿ ಕಂಟೇನರ್ ಒಪ್ಪಿಸೋ ಕೊನೆಯ ಗಡುವು, ಅಂದರೆ ಸಾಕು, ನನ್ನ ಹೊಟ್ಟೆ ಕಿವುಚಿದ ಹಾಗಾಗುತ್ತದೆ.

ನಾನು ಹಾಸನದ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ (ಕಾಫಿ ಬೀಜ ಸಿಪ್ಪೆ ತೆಗೆದು, ವಿಂಗಡಿಸೋ ಕಾರ್ಖಾನೆ) ಎಕ್ಸ್‌ಪೋರ್ಟ್ ಡಾಕ್ಯುಮೆಂಟ್ ನೋಡಿಕೊಳ್ಳುತ್ತೇನೆ. ಇನ್‌ವಾಯ್ಸ್, ಪ್ಯಾಕಿಂಗ್ ಲಿಸ್ಟ್, ಐಸಿಓ ಅನ್ನೋ ಕಾಫಿಯ ಮೂಲದ ಸರ್ಟಿಫಿಕೇಟ್, ಬಿಎಲ್ ಅನ್ನೋ ಹಡಗಿನ ಸರಕು ಪತ್ರದ ಡ್ರಾಫ್ಟ್, ಇಷ್ಟರಲ್ಲೇ ದಿನ ಮುಗಿಯುತ್ತದೆ. ಬೈಯರ್ ಹತ್ತಿರ ಮಾತಾಡೋದು ಮ್ಯಾನೇಜರ್ ಕೆಲಸ. ಆ ವಾರ ಅವರು ಮದುವೆಗೆ ಅಂತ ರಜೆ ಹಾಕಿದ್ದರು. ಹೋಗುವಾಗ ಆಫೀಸ್ ಮೊಬೈಲನ್ನು ನನ್ನ ಮೇಜಿನ ಮೇಲಿಟ್ಟು "ಏನಾದ್ರೂ ಕೇಳಿದ್ರೆ ಹೇಳ್ಬಿಡಪ್ಪ" ಅಂದರು. ಅಷ್ಟೇ ಹ್ಯಾಂಡ್‌ಓವರ್.

ಸೋಮವಾರ ಮಧ್ಯಾಹ್ನ ಮೂರು ಗಂಟೆಗೆ ಇಂಗ್ಲೆಂಡಿನಿಂದ ಬೈಯರ್ ಮೇಡಂ ಫೋನ್ ಬಂತು. ಪ್ಲಾಂಟೇಶನ್ ಎ ಅನ್ನೋ ದರ್ಜೆಯ ಕಾಫಿ, 60 ಕೆಜಿಯ 320 ಚೀಲ, ಒಂದು ಕಂಟೇನರ್. ಎಫ್‌ಓಬಿ, ಅಂದರೆ ಹಡಗಿಗೆ ಏರಿಸೋವರೆಗೆ ಮಾತ್ರ ನಮ್ಮ ಹೊಣೆ ಅನ್ನೋ ಒಪ್ಪಂದ, ಆದ್ದರಿಂದ ಹಡಗಿನ ಬುಕಿಂಗ್ ಅವರದ್ದೇ. ನಮ್ಮ ಕಡೆ ಗಾರ್ಬ್ಲಿಂಗ್ (ಕೆಟ್ಟ ಕಾಳು ಕೈಯಲ್ಲಿ ಆರಿಸೋ ಕೆಲಸ) ಅರ್ಧದಷ್ಟು ಬಾಕಿ ಇತ್ತು, ಅದನ್ನೂ ಅವರಿಗೆ ಹೇಳಿದೆ. ಆಗ ಮೇಡಂ ಕೇಳಿದರು: "ಕ್ಯಾಂಟ್ ಯು ಲೋಡ್ ಇಟ್ ಬೈ ಥರ್ಸ್‌ಡೇ?"

ನನ್ನ ತಲೆಯಲ್ಲಿ ಅದು ಕನ್ನಡದಲ್ಲೇ ಕೇಳಿಸಿತು. ಗುರುವಾರದೊಳಗೆ ಲೋಡ್ ಮಾಡೋಕೆ ಆಗಲ್ವಾ? ಹೌದು, ಆಗಲ್ಲ. ಹಾಗಾಗಿ "ಯೆಸ್ ಮೇಡಂ, ಯೆಸ್" ಅಂದೆ. ಅವರು "ಲವ್ಲಿ, ಥ್ಯಾಂಕ್ ಯು" ಅಂದು ಫೋನ್ ಇಟ್ಟರು. ಆಗಲ್ಲ ಅಂದರೂ ಬೇಜಾರು ಮಾಡಿಕೊಳ್ಳಲಿಲ್ಲ, ಎಷ್ಟು ಒಳ್ಳೆಯವರು ಅಂದುಕೊಂಡೆ. ಮೂರು ದಿನ ಹಾಗೇ ಅಂದುಕೊಂಡಿದ್ದೆ.

ಶುಕ್ರವಾರ ಬೆಳಗ್ಗೆ ಫಾರ್ವರ್ಡರ್, ಅಂದರೆ ಸರಕು ಸಾಗಣೆ ನೋಡಿಕೊಳ್ಳೋ ಏಜೆಂಟ್, ಫೋನ್ ಮಾಡಿ, ಕಂಟೇನರ್ ಯಾಕೆ ಬಂದರಿನಲ್ಲಿ ಗೇಟ್‌ಇನ್ ಆಗಿಲ್ಲ, ಇವತ್ತು ಸಂಜೆ ಕಟ್‌ಆಫ್ ಅಂದ. ಯಾವ ಕಂಟೇನರ್ ಅಂತ ಕೇಳಿದೆ. ಅವನು ನಂಬರ್ ಓದಿದ. ಮೇಡಂ ಕಳಿಸಿದ್ದ ಮೇಲ್ ತೆಗೆದರೆ, ನೀವು ಫೋನಲ್ಲಿ ಒಪ್ಪಿಕೊಂಡ ಹಾಗೆ ಅಂತ ಮೊದಲ ಸಾಲಿನಲ್ಲೇ ಬರೆದಿದ್ದಾರೆ. ಗಾರ್ಬ್ಲಿಂಗ್ ಶೆಡ್ಡಿಗೆ ಓಡಿದೆ. ಇನ್ನೂ 110 ಚೀಲದ ಕೆಲಸ ಬಾಕಿ. ಹೆಂಗಸರು ಬೆಲ್ಟಿನ ಎರಡೂ ಬದಿ ಕೂತು ಕರಿಕಾಳು, ಒಡಕು ಆರಿಸುತ್ತಿದ್ದರು. ಬೇಗ ಮಾಡಿ ಅಂತ ಹೇಳೋಕೂ ಬಾಯಿ ಬರಲಿಲ್ಲ, ಅವರದ್ದೇನು ತಪ್ಪು? ಶೆಡ್ಡಿನ ಬಾಗಿಲಲ್ಲೇ ನಿಂತು ಲೆಕ್ಕ ಹಾಕಿದೆ. ಎಲ್ಲ ಬಿಟ್ಟು ಇದನ್ನೇ ಮಾಡಿದರೂ ಲೋಡ್ ಆಗೋಕೆ ರಾತ್ರಿಯಾಗುತ್ತದೆ, ಆಮೇಲೆ ಸಕಲೇಶಪುರ, ಶಿರಾಡಿ ಘಾಟಿ ಇಳಿಯಬೇಕು. ಸಾಧ್ಯವೇ ಇರಲಿಲ್ಲ.

ಮ್ಯಾನೇಜರ್ ಮದುವೆ ಛತ್ರದಿಂದ ಫೋನ್ ಮಾಡಿದರು. ಹಿಂದೆ ವಾಲಗ ಕೇಳಿಸುತ್ತಿತ್ತು. "ಯಾರೋ ಯೆಸ್ ಅಂದಿದ್ದು?" ನಾನೇ ಸಾರ್ ಅಂದೆ. "ಆಗಲ್ಲ ಅಂತ ಗೊತ್ತಿತ್ತು ತಾನೇ?" ಗೊತ್ತಿತ್ತು ಸಾರ್, ಅದಕ್ಕೇ ಯೆಸ್ ಅಂದೆ. ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ. ಕಂಟೇನರ್ ಮುಂದಿನ ಹಡಗಿಗೆ ಹೋಯಿತು, ಹಡಗು ಬದಲಾಯಿಸಿದ್ದಕ್ಕೆ ಕೊಡೋ ರೋಲ್‌ಓವರ್ ಚಾರ್ಜ್ ನಮ್ಮ ತಲೆಗೆ ಬಂತು.

ಆಮೇಲೆ ಕೂತು ಯೋಚಿಸಿದಾಗ ಗೊತ್ತಾಯಿತು. ಕನ್ನಡದಲ್ಲಿ ಹೌದು ಅನ್ನೋದು ಕೇಳಿದವರ ಮಾತಿಗೆ. ಶೆಡ್ಡಿನ ಹೆಂಗಸರು "ನಾಳೆ ಬರೋದು ಬೇಡ್ವಾ ಸಾರ್?" ಅಂದರೆ ನಾನು "ಹೂಂ, ಬೇಡ" ಅಂತೀನಿ, ಅವರು ಬರೋದಿಲ್ಲ. ಇಂಗ್ಲಿಷಿನಲ್ಲಿ ಯೆಸ್ ಅನ್ನೋದು ಕೆಲಸಕ್ಕೆ. ಕ್ಯಾನ್ ಅಂತ ಕೇಳಲಿ, ಕ್ಯಾಂಟ್ ಅಂತ ಕೇಳಲಿ, ಆಗೋದಾದರೆ ಯೆಸ್, ಆಗದಿದ್ದರೆ ನೋ. ಪ್ರಶ್ನೆಯೊಳಗಿನ 'ನಾಟ್' ಉತ್ತರವನ್ನು ತಿರುಗಿಸೋದೇ ಇಲ್ಲ. ಇನ್ನೊಂದು ವಿಷಯ, ನಾವು ಹೌದು ಅಂದು ಸುಮ್ಮನಾಗೋದು ಕಡಿಮೆ, ಜೊತೆಗೆ 'ಆಗಲ್ಲ' ಅಂತಲೂ ಸೇರಿಸ್ತೀವಿ. ನಾನು ಆ 'ಆಗಲ್ಲ'ವನ್ನು ಬಾಯಲ್ಲೇ ಉಳಿಸಿಕೊಂಡಿದ್ದೆ. 'ನೋ, ವಿ ಕ್ಯಾಂಟ್' ಅಂದಿದ್ದರೆ ಮೂರೇ ಪದ, ಅಷ್ಟಕ್ಕೇ ಮುಗಿಯುತ್ತಿತ್ತು.

ಹಳೇ ಮೇಲ್‌ಗಳನ್ನೆಲ್ಲ ತೆಗೆದು ಓದಿದೆ. ಎಷ್ಟು ಕಡೆ ತಪ್ಪು ತಿಳಿದಿದ್ದೇನೆ! 'ಶುಡಂಟ್ ವಿ ವೇಟ್ ಫಾರ್ ದ ಸ್ಯಾಂಪಲ್?' ಅಂತ ಬರೆದಿದ್ದನ್ನು, ಕಾಯಬೇಕೋ ಬೇಡವೋ ಅಂತ ನನ್ನನ್ನು ಕೇಳ್ತಿದ್ದಾರೆ ಅಂದುಕೊಂಡಿದ್ದೆ. ಅವರು ಕೇಳ್ತಿರಲಿಲ್ಲ, ಹೇಳ್ತಿದ್ದರು: ಸ್ಯಾಂಪಲ್‌ಗೆ ಕಾಯಬೇಕಲ್ವಾ? 'ಕುಡಂಟ್ ವಿ ಶಿಪ್ ಇನ್ ಮಾರ್ಚ್?' ಅಂದರೆ ಮಾರ್ಚಲ್ಲಿ ಕಳಿಸಬಹುದಲ್ವಾ ಅನ್ನೋ ಸಲಹೆ. 'ವೋಂಟ್ ಯು ಹ್ಯಾವ್ ಸಮ್ ಕಾಫಿ?' ಅಂದರೆ ನಮ್ಮಲ್ಲಿ ಮನೆಗೆ ಬಂದವರಿಗೆ "ಕಾಫಿ ಕುಡಿಯಲ್ವಾ?" ಅಂತೀವಲ್ಲ, ಅದೇ ಉಪಚಾರ. ಕ್ಯಾಂಟ್ ಒಂದೇ ಕಷ್ಟ. ಕೆಲವು ಸಲ ಅದು 'ಆಗುತ್ತಲ್ವಾ' ಅನ್ನೋ ಆಸೆ, ಕೆಲವು ಸಲ 'ಇಷ್ಟೂ ಆಗಲ್ವಾ' ಅನ್ನೋ ಬೇಸರ. ದನಿ ನೋಡಿಯೇ ತಿಳಿಯಬೇಕು. ಮೇಡಂ ಅವತ್ತು ಆಸೆಯಿಂದ ಕೇಳಿದ್ದರು.

ನಾನು ಬರೆದದ್ದರಲ್ಲೂ ತಪ್ಪಿತ್ತು. 'ಕ್ಯಾನ್ ನಾಟ್ ವಿ ಗೆಟ್ ದ ಡ್ರಾಫ್ಟ್' ಅಂತ ಎಷ್ಟೋ ಸಲ ಬರೆದಿದ್ದೇನೆ. 'ಕ್ಯಾಂಟ್ ವಿ' ಸರಿ, ಬಿಡಿಸಿ ಬರೆದರೆ 'ಕ್ಯಾನ್ ವಿ ನಾಟ್' ಸರಿ. ನಾಟ್ ಕ್ಯಾನ್‌ಗೆ ಅಂಟಿಕೊಂಡರೆ ಮಾತ್ರ ಅದರ ಜೊತೆ ಮುಂದೆ ಬರುತ್ತದೆ, ಬಿಟ್ಟರೆ ವಿ ಆದಮೇಲೆಯೇ.

ಇದನ್ನು ನಮಗೆ ಯಾರೂ ಹೇಳಿಕೊಡಲಿಲ್ಲ ಅನ್ನೋದೇ ನನ್ನ ಸಿಟ್ಟು. ಕಾಫಿಯ ತೇವ ಅಳೆಯೋ ಮಾಯಿಶ್ಚರ್ ಮೀಟರ್ ಹಿಡಿಯೋಕೆ ಎರಡು ದಿನ ಟ್ರೈನಿಂಗ್ ಕೊಡ್ತಾರೆ. ಕೋಟಿಗಟ್ಟಲೆ ಮಾಲಿನ ಡೇಟ್ ಒಪ್ಪಿಕೊಳ್ಳೋ ಫೋನನ್ನು ಸುಮ್ನೆ ಮೇಜಿನ ಮೇಲಿಟ್ಟು ಹೋಗ್ತಾರೆ. ಫೋನಲ್ಲಿ ಏನೇ ಮಾತಾದರೂ ಅರ್ಧ ಗಂಟೆಯೊಳಗೆ ಮೇಲ್ ಹೋಗಬೇಕು, ಡೇಟನ್ನು ಅಂಕಿಯಲ್ಲಿ ಬರೆಯಬೇಕು ಅಂತ ನಾನೇ ಹಟ ಹಿಡಿದೆ. ಮ್ಯಾನೇಜರ್ ಒಪ್ಪಿದರು.

ಮಾರ್ಚಲ್ಲಿ ಎರಡನೇ ಲಾಟ್‌ಗೆ ಅದೇ ಮೇಡಂ ಫೋನ್ ಮಾಡಿದರು. "ಕ್ಯಾಂಟ್ ಇಟ್ ರೀಚ್ ಮ್ಯಾಂಗಲೋರ್ ಬೈ ಮಂಡೇ?" ಎದೆ ಡವಡವ ಅಂತಿತ್ತು. ಒಂದು ಉಸಿರು ಎಳೆದುಕೊಂಡು, "ಯೆಸ್, ಇಟ್ ಕ್ಯಾನ್. ಇಟ್ ವಿಲ್ ಲೀವ್ ಆನ್ ಸಂಡೇ" ಅಂದೆ. ಭಾನುವಾರ ರಾತ್ರಿ ಒಂಬತ್ತಕ್ಕೆ ಗೇಟಲ್ಲಿ ನಿಂತು ಸೀಲ್ ನಂಬರ್ ನಾನೇ ಬರೆದುಕೊಂಡೆ.